ಬೂದಿ, ಮಣ್ಣು, ಅರಿಸಿನ

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಿಗೆ ಹೆಸರಿಟ್ಟವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಊರಿನ ಹಣೆಗೆ ಒಂದೊಂದು ಗುರುತು ಎಳೆದುಹೋಗಿದ್ದಾರೆ. ರಾಜಾಜಿನಗರ ಅಯ್ಯಂಗಾರರೊಬ್ಬರ ಹೆಸರಿನದು, ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರದು. ಬಸವೇಶ್ವರನಗರ ಹನ್ನೆರಡನೆಯ ಶತಮಾನದ ಕಲ್ಯಾಣದ ಬಸವಣ್ಣನದು. ಪಕ್ಕದಲ್ಲಿ ವಿಜಯನಗರ, ಅದರ ಮಗ್ಗುಲಲ್ಲೇ ಹಂಪಿನಗರ. ತಾಮ್ರಶಾಸನದ ಕೊನೆಗೆ ‘ಶ್ರೀ ವಿರೂಪಾಕ್ಷ’ ಎಂದು ಅಂಕಿತ ಹಾಕುತ್ತಿದ್ದ, ಕೃಷ್ಣದೇವರಾಯನ ಕಾಲಕ್ಕೆ ಬಂದರೆ ಮತ್ತೆ ಮತ್ತೆ ತಿರುಪತಿ ಬೆಟ್ಟ ಹತ್ತಿದ ಅರಸರ ನೆನಪು ಅದು. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ 1368ರಲ್ಲಿ ಬುಕ್ಕರಾಯ ಒಬ್ಬರ ಕೈಯನ್ನು ಇನ್ನೊಬ್ಬರ ಕೈಗೆ ಕೊಟ್ಟು ರಾಜಿ ಮಾಡಿಸಿದ ಶಾಸನ ಶ್ರವಣಬೆಳಗೊಳದಲ್ಲಿ ಇವತ್ತಿಗೂ ನಿಂತಿದೆ. ಕೆಂಗೇರಿಗೆ ಮಾತ್ರ ಯಾರ ಹೆಸರಿನ ಹಂಗೂ ಇಲ್ಲ. ಅದು ಬಡಾವಣೆಗಳಿಗಿಂತ ಹಳೆಯ ಊರು. ಮೈಸೂರು ರಸ್ತೆಯ ಬಾಯಲ್ಲಿ ಕೂತಿರುವುದರಿಂದ ಮೇಲುಕೋಟೆಗೆ, ನಂಜನಗೂಡಿಗೆ, ಮಾದಪ್ಪನ ಬೆಟ್ಟಕ್ಕೆ ಹೋಗಿಬರುವ ಹಣೆಗಳು ಅದರ ಮುಂದೆಯೇ ಹಾದುಹೋಗುತ್ತವೆ.

ಈ ಹಣೆಗಳನ್ನು ಓದಬಲ್ಲವರು ಒಂದು ಕಾಲಕ್ಕೆ ಪ್ರತಿ ಬೀದಿಯಲ್ಲೂ ಇದ್ದರು. ಬಾಡಿಗೆ ಮನೆ ಕೇಳಿಕೊಂಡು ಬಂದವರ ಹಣೆಯನ್ನು ಮೊದಲು ನೋಡಿ, ಆಮೇಲೆ ಮುಂಗಡದ ಮಾತು ಎತ್ತುತ್ತಿದ್ದ ಯಜಮಾನರು ಅವರು. ಅಡ್ಡ ಗೆರೆಯೋ ಉದ್ದ ಗೆರೆಯೋ, ಗೆರೆ ಮೂಗಿನ ಬುಡಕ್ಕೆ ಇಳಿದಿದೆಯೋ ಹುಬ್ಬಿನ ನಡುವೆಯೇ ನಿಂತಿದೆಯೋ, ನಡುವೆ ಕೆಂಪೋ ಕಪ್ಪೋ, ಇಷ್ಟು ನೋಡಿದರೆ ಸಾಕು: ಜಾತಿ, ಒಳಪಂಗಡ, ಮಠ, ಕೆಲವೊಮ್ಮೆ ಊರು ಕೂಡ ಹೇಳಿಬಿಡುತ್ತಿದ್ದರು. 2021ರ ಆಗಸ್ಟಿನಲ್ಲಿ ಕೆಂಗೇರಿ ತಲುಪಿದ ನೇರಳೆ ಮಾರ್ಗದ ಮೆಟ್ರೊದಲ್ಲಿ ಈಗ ಕಚೇರಿ ಹೊತ್ತಿಗೆ ಕಾಣುವ ಹಣೆಗಳಲ್ಲಿ ಬಹುಪಾಲು ಬರಿದು. ಗುರುತು ಇದ್ದರೂ ಅದು ಬೆಳಗ್ಗೆ ದೇವಸ್ಥಾನಕ್ಕೆ ಹೋಗಿ ಬಂದದ್ದಕ್ಕೆ ಸಾಕ್ಷಿ, ಅಷ್ಟೆ. ಓದುವ ವಿದ್ಯೆ ಕಳೆದುಹೋಯಿತಲ್ಲ ಎಂದು ನನಗೇನೂ ಮರುಕವಿಲ್ಲ. ಬಾಡಿಗೆ ಮನೆ ಸಿಗದೆ ಅಲೆದವರನ್ನು ಕೇಳಿದರೆ ಅವರಿಗೂ ಇರಲಾರದು.

ಆದರೆ ಆ ಓದು ಅರ್ಧ ಓದು. ಆಕಾರ ನೋಡಿದರೆ ಪಂಗಡ ತಿಳಿಯುತ್ತದೆ. ಗುರುತಿನ ಅರ್ಥ ತಿಳಿಯಬೇಕಾದರೆ ಅದನ್ನು ಏತರಿಂದ ಮಾಡಿದ್ದಾರೆ ಎಂದು ಕೇಳಬೇಕು. ಬೂದಿ, ಮಣ್ಣು, ಇದ್ದಿಲು, ಗಂಧ, ಅರಿಸಿನ: ನಮ್ಮ ಹಿರಿಯರು ಹಣೆಗೆ ಆರಿಸಿಕೊಂಡ ಪದಾರ್ಥಗಳಲ್ಲಿ ಗಂಧವೊಂದನ್ನು ಬಿಟ್ಟರೆ ದುಬಾರಿಯಾದದ್ದು ಯಾವುದೂ ಇಲ್ಲ.

ಹುಬ್ಬುಗಳ ನಡುವೆ ಆಜ್ಞಾಚಕ್ರ ಇದೆ, ಅಲ್ಲಿ ಒತ್ತಿದರೆ ಗ್ರಂಥಿಗಳು ಚುರುಕಾಗುತ್ತವೆ, ತಲೆನೋವು ಬರುವುದಿಲ್ಲ ಎಂಬ ವಾಟ್ಸ್ಯಾಪ್ ವಿಜ್ಞಾನವನ್ನು ಇಲ್ಲಿಗೇ ಬಿಟ್ಟುಬಿಡೋಣ. ಯೋಗಶಾಸ್ತ್ರದಲ್ಲಿ ಆಜ್ಞಾಚಕ್ರದ ಮಾತು ಇರುವುದು ನಿಜ. ಆದರೆ ಬೂದಿ ಹಚ್ಚಿದವರಾರೂ ತಲೆನೋವಿನ ಔಷಧಿ ಎಂದು ಹಚ್ಚಲಿಲ್ಲ. ವಿಜ್ಞಾನದ ಮುದ್ರೆ ಒತ್ತದಿದ್ದರೆ ನಮ್ಮ ಆಚಾರಕ್ಕೆ ಬೆಲೆಯಿಲ್ಲ ಎಂದು ಭಾವಿಸುವವರು ಆಚಾರಕ್ಕೂ ವಿಜ್ಞಾನಕ್ಕೂ ಒಟ್ಟಿಗೇ ಅನ್ಯಾಯ ಮಾಡುತ್ತಾರೆ.

ಬೂದಿಯಿಂದ ಶುರು ಮಾಡೋಣ. ಬಾದಾಮಿ ಬಳಿ, ಮಲಪ್ರಭೆಯ ದಡದಲ್ಲಿ ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರಕ್ಕೆ ವಿಭೂತಿಯ ವಿಷಯದಲ್ಲಿ ದೊಡ್ಡ ಹೆಸರು. ಹಸುವಿನ ಸಗಣಿಯನ್ನು ತಟ್ಟಿ ಒಣಗಿಸಿ ಸುಡುತ್ತಾರೆ. ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ನುಣುಪು ಕೆಸರನ್ನು ತೆಗೆದು ಗಟ್ಟಿ ಕಟ್ಟಿ ಒಣಗಿಸುತ್ತಾರೆ. ಸೋಸುವುದರಲ್ಲೇ ಇದೆ ಕೆಲಸಗಾರನ ಕೈಗುಣ. ಹರಳು ಉಳಿದರೆ ಹಣೆ ಗೀರುತ್ತದೆ.

ಬಸವೇಶ್ವರನಗರದ ಮನೆಗಳಲ್ಲಿ ಬೆಳಗ್ಗೆ ಇಷ್ಟಲಿಂಗ ಪೂಜೆಗೆ ಕೂತವರನ್ನು ಗಮನಿಸಿ. ಗಟ್ಟಿಯ ಮೇಲೆ ನಾಲ್ಕು ಹನಿ ನೀರು ಬಿಟ್ಟು ಮೂರು ಬೆರಳು ಉಜ್ಜಿ ಹಣೆಯ ಮೇಲೆ ಒಂದೇ ಸಲಕ್ಕೆ ಎಳೆಯುತ್ತಾರೆ. ಎಳೆದ ಕೂಡಲೇ ಏನೂ ಕಾಣುವುದಿಲ್ಲ. ಒದ್ದೆ ಬೂದಿ ಚರ್ಮದ ಬಣ್ಣದಲ್ಲೇ ಅಡಗಿರುತ್ತದೆ. ಹೊಸಬರು ಹತ್ತಲಿಲ್ಲವೆಂದು ಇನ್ನೊಂದು ಸಲ ಬಳಿದುಕೊಂಡು ಗೋಡೆಗೆ ಸುಣ್ಣ ಹೊಡೆದ ಹಾಗೆ ಮಾಡಿಕೊಳ್ಳುತ್ತಾರೆ. ರೂಢಿಯಿದ್ದವರು ಸುಮ್ಮನೆ ಲಿಂಗದ ಕಡೆ ದೃಷ್ಟಿ ಇಡುತ್ತಾರೆ. ನೀರು ಆರುತ್ತಾ ಬಂದಂತೆ ಮೂರು ಗೆರೆ ತಾವಾಗಿ ಬೆಳ್ಳಗಾಗುತ್ತವೆ.

ಆ ಮೂರು ಗೆರೆ ಏನು ಎಂದು ಕೇಳಿದರೆ ಉತ್ತರ ಒಂದಲ್ಲ. ಕಾಲಾಗ್ನಿರುದ್ರೋಪನಿಷತ್ತು ಮೂರು ಅಗ್ನಿ, ಓಂಕಾರದ ಮೂರು ಅಕ್ಷರ, ಮೂರು ಗುಣ, ಮೂರು ಲೋಕ ಎಂದು ಸಾಲಾಗಿ ಹೇಳಿಕೊಂಡು ಹೋಗುತ್ತದೆ. ವೀರಶೈವರಲ್ಲಿ ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳನ್ನು ಸುಟ್ಟದ್ದು ಎನ್ನುವವರಿದ್ದಾರೆ. ಮೂರು ಎಂಬ ಸಂಖ್ಯೆಗೆ ಸಿಗುವ ಅರ್ಥಗಳಿಗೆ ಕೊನೆಯಿಲ್ಲ. ಬೂದಿಗೆ ಮಾತ್ರ ಒಂದೇ ಅರ್ಥ: ಇದನ್ನು ಮತ್ತೆ ಸುಡಲಾಗದು. ಎಲ್ಲ ಸುಟ್ಟಮೇಲೆ ಉಳಿಯುವುದು ಇದೇ, ಅರಮನೆಯಲ್ಲೂ ಇದೇ, ಗುಡಿಸಲಿನಲ್ಲೂ ಇದೇ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ರುದ್ರಾಕ್ಷಿ, ಮಂತ್ರಗಳ ಜೊತೆಗೆ ವಿಭೂತಿಯನ್ನೂ ಅಷ್ಟಾವರಣದಲ್ಲಿ ಸೇರಿಸಿಕೊಂಡ ಶರಣ ಪರಂಪರೆಯಲ್ಲಿ ಅದು ಗಂಡಸಿಗೂ ಹೆಂಗಸಿಗೂ ಒಂದೇ ಆಯಿತು. ಉತ್ತರ ಕರ್ನಾಟಕದ ಲಿಂಗಾಯತ ಮನೆಗಳಲ್ಲಿ ಗಂಡ ಸತ್ತ ಹೆಂಗಸಿನ ಹಣೆಯಿಂದ ಕುಂಕುಮ ಹೋದರೂ ವಿಭೂತಿ ಹೋಗುವುದಿಲ್ಲ. ಈ ಮಾತಿಗೆ ಮುಂದೆ ಬರುತ್ತೇನೆ.

ಬೂದಿಯಲ್ಲಿ ಕಪ್ಪೂ ಇದೆ ಎಂಬುದು ಪೇಟೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ಧಪ್ಪಾಜಿಯರ ಒಕ್ಕಲಿನವರು ಹಣೆಗಿಡುವುದು ‘ಕಪ್ಪು ಧೂಳ್ತ’. ಶಿವರಾತ್ರಿಯ ಹೊತ್ತಿಗೆ ಕಪ್ಪಡಿ ಜಾತ್ರೆ, ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ ಮುಗಿಸಿ ಬಂದವರ ಹಣೆಯಲ್ಲಿ ಅದನ್ನು ಕಾಣಬಹುದು. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಆ ಪರಂಪರೆಯಲ್ಲಿ ಕೆಳಜಾತಿಯೆಂದು ಕರೆಸಿಕೊಂಡವರೇ ಮುಂದಾಳುಗಳು. ಬಿಳಿ ವಿಭೂತಿಯ ಮಠಗಳಿಗೆ ಎದುರಾಗಿ ಕಪ್ಪು ಧೂಳ್ತ ನಿಂತ ರೀತಿ ಪಂಡಿತರ ದೊಡ್ಡ ಗ್ರಂಥಕ್ಕೆ ವಸ್ತು. ಹೋಗಲಿ, ಕನಿಷ್ಠ ಮೈಸೂರು ರಸ್ತೆಯ ಬಸ್ಸಿನಲ್ಲಿ ಅಂಥ ಹಣೆ ಕಂಡರೆ ಮಸಿ ಮೆತ್ತಿಕೊಂಡಿದೆ ಒರೆಸಿಕೊಳ್ಳಿ ಎನ್ನದಿರುವಷ್ಟು ತಿಳಿದಿದ್ದರೆ ಸಾಕು.

ಇನ್ನು ಮಣ್ಣು. ನಾಮದ ಮಣ್ಣಿಗೂ ಕನ್ನಡ ನೆಲಕ್ಕೂ ಇರುವ ನಂಟು ಹಳೆಯದು. ರಾಮಾನುಜರು ಹೊಯ್ಸಳ ಸೀಮೆಗೆ ಬಂದಾಗ ಹಚ್ಚಿಕೊಳ್ಳಲು ತಂದಿದ್ದ ತಿರುಮಣ್ಣು ಮುಗಿದುಹೋಗಿತ್ತಂತೆ, ಕನಸಿನಲ್ಲಿ ದೇವರೇ ಬಂದು ಮೇಲುಕೋಟೆಯಲ್ಲಿ ಅಗೆಯಲು ಹೇಳಿದನಂತೆ, ಅಲ್ಲಿ ಚೆಲುವನಾರಾಯಣನ ಮೂರ್ತಿಯೂ ಬಿಳಿ ಮಣ್ಣೂ ಸಿಕ್ಕವಂತೆ. ಪುರಾಣ ಹೇಗಾದರೂ ಇರಲಿ, ಮಣ್ಣಂತೂ ನಿಜ. ಅದು ಕಾಶಿಯವರೆಗೂ ಹೋಗುತ್ತಿತ್ತೆಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಬಿಳಿ ಗೆರೆಗಳು ವಿಷ್ಣುವಿನ ಪಾದ, ನಡುವಿನ ಶ್ರೀಚೂರ್ಣದ ಕೆಂಪು ಲಕ್ಷ್ಮಿ. ಮಣ್ಣಿನಲ್ಲಿ ಬರೆದ ಪಾದವನ್ನು ತಲೆಯ ಮೇಲೆ ಹೊತ್ತು ತಿರುಗುವುದು, ಅಂದರೆ ನಾನು ಶರಣಾದವನು ಎಂದು ಮುಖದ ಮೇಲೇ ಬರೆದುಕೊಳ್ಳುವುದು.

ಇಷ್ಟು ವಿನಯದ ಗುರುತಿನ ಆಕಾರಕ್ಕಾಗಿ ನಡೆದ ಜಗಳ ಮಾತ್ರ ವಿನಯದ್ದಲ್ಲ. ವಡಗಲೆಯವರ ನಾಮ ಹುಬ್ಬಿನ ನಡುವೆ ದುಂಡಗೆ ತಿರುಗುತ್ತದೆ. ತೆಂಗಲೆಯವರದಕ್ಕೆ ಮೂಗಿನ ಮೇಲೆ ಇಳಿಯುವ ಪೀಠ ಉಂಟು. ಹಿಂದಿರುವ ತತ್ತ್ವದ ವ್ಯತ್ಯಾಸ ಸೊಗಸಾದದ್ದು. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು, ಹಾಗೆಯೇ ಜೀವನೂ ದೇವರನ್ನು ಹಿಡಿಯುವ ಪ್ರಯತ್ನ ಮಾಡಬೇಕು ಎನ್ನುವುದು ವಡಗಲೆ. ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ ಎನ್ನುವುದು ತೆಂಗಲೆ. ಮೇಲುಕೋಟೆ ತೆಂಗಲೆಯವರದು, ಮೈಸೂರು ಅರಸರ ಗುರುಪೀಠವಾದ ಪರಕಾಲ ಮಠ ವಡಗಲೆಯವರದು. ಕಾಂಚಿಯಲ್ಲಿ ಈ ಎರಡು ಪಂಗಡಗಳ ವ್ಯಾಜ್ಯ ತಲೆಮಾರುಗಟ್ಟಲೆ ಕೋರ್ಟು ಅಲೆಯಿತು. ದೇವಸ್ಥಾನದ ಆನೆಯ ಹಣೆಗೆ ಯಾವ ನಾಮ ಹಾಕಬೇಕು ಎನ್ನುವುದೂ ಆ ಜಗಳದಲ್ಲಿ ಸೇರಿತ್ತೆಂದು ಹೇಳುವುದುಂಟು. ಆನೆಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ಮಾಧ್ವರದೂ ಮಣ್ಣೇ, ಆದರೆ ದ್ವಾರಕೆಯ ಕಡೆಯ ಹಳದಿ ಮಣ್ಣು, ಗೋಪೀಚಂದನ. ಇದರ ಕಥೆ ಕನ್ನಡಿಗರಿಗೆಲ್ಲ ಗೊತ್ತು. ದ್ವಾರಕೆಯಿಂದ ಬಂದ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿತು, ಮಧ್ವಾಚಾರ್ಯರು ಅದನ್ನು ದಡ ಸೇರಿಸಿದರು, ಪ್ರತಿಯಾಗಿ ಏನು ಬೇಕೆಂದರೆ ಹಡಗಿನ ತಳದಲ್ಲಿದ್ದ ಗೋಪೀಚಂದನದ ಹೆಂಟೆ ಕೇಳಿದರು, ಒಡೆದರೆ ಒಳಗೆ ಕೃಷ್ಣ. ಉಡುಪಿಯ ಕೃಷ್ಣ ಯಾವ ಮಣ್ಣಿನೊಳಗಿಂದ ಎದ್ದುಬಂದನೋ ಅದೇ ಮಣ್ಣು ಭಕ್ತನ ಹಣೆಗೆ. ಹಣೆಗಷ್ಟೇ ಅಲ್ಲ, ಹೊಟ್ಟೆ, ಎದೆ, ಕುತ್ತಿಗೆ, ತೋಳು ಎಂದು ಹನ್ನೆರಡು ಕಡೆ ನಾಮ, ಅದರ ಮೇಲೆ ಶಂಖ ಚಕ್ರಗಳ ಮುದ್ರೆ. ಆಷಾಢದ ಪ್ರಥಮ ಏಕಾದಶಿಯಂದು ಬಿಸಿ ಮಾಡಿದ ಮುದ್ರೆಯನ್ನೇ ಒತ್ತಿಸಿಕೊಳ್ಳಲು ಮಠಗಳ ಮುಂದೆ ಉದ್ದ ಸಾಲು ನಿಲ್ಲುತ್ತದೆ.

ಹಣೆಯ ನಡುವೆ ಇನ್ನೊಂದು ಸಂಗತಿಯಿದೆ, ಅಂಗಾರ ಮತ್ತು ಅಕ್ಷತೆ. ಅಂಗಾರವೆಂದರೆ ದೇವರಿಗೆ ಧೂಪ ಹಾಕಿದ ಇದ್ದಿಲಿನ ಕಪ್ಪು ಗೆರೆ. ಅದರ ಬುಡದಲ್ಲಿ ಅರಿಸಿನ ಸುಣ್ಣದ ಕೆಂಪು ಬೊಟ್ಟು ಅಕ್ಷತೆ. ಏಕಾದಶಿಯಂದು ಅಕ್ಷತೆ ಇಡುವುದಿಲ್ಲ. ಹೀಗಾಗಿ ಆಚಾರವಂತ ಮಾಧ್ವರ ಹಣೆ ನೋಡಿದರೆ ಅವರ ಮಠದ ಜೊತೆಗೆ ಇವತ್ತು ಅವರಿಗೆ ಊಟ ಇದೆಯೋ ಉಪವಾಸವೋ ಎನ್ನುವುದೂ ತಿಳಿಯುತ್ತದೆ. ಇಷ್ಟು ಸುದ್ದಿಯನ್ನು ಇಷ್ಟು ಚಿಕ್ಕ ಜಾಗದಲ್ಲಿ ಹೇಳುವ ಗುರುತು ಬೇರೊಂದು ಇದ್ದರೆ ನಾನಂತೂ ನೋಡಿಲ್ಲ. ರಾಜಾಜಿನಗರದ ಪಶ್ಚಿಮ ಕಾರ್ಡ್ ರಸ್ತೆಯ ಗುಡ್ಡದ ಮೇಲೆ 1997ರಲ್ಲಿ ಇಸ್ಕಾನ್ ದೇವಾಲಯ ಬಂದಮೇಲೆ ಇದೇ ಗೋಪೀಚಂದನದ ಇನ್ನೊಂದು ಆಕಾರ ನಮ್ಮ ಬೀದಿಗಳಿಗೆ ಇಳಿಯಿತು. ಎರಡು ಗೆರೆ ಮೂಗಿನ ಮೇಲೆ ಕೂಡಿ ತುಳಸಿ ಎಲೆಯಾಗುವ ಗೌಡೀಯ ತಿಲಕ. ಬಂಗಾಳದ ಚೈತನ್ಯರ ಪರಂಪರೆ ತನ್ನ ಗುರುಸಾಲನ್ನು ಮಧ್ವರಿಂದ ಎಣಿಸಿಕೊಳ್ಳುತ್ತದೆ. ಆ ಲೆಕ್ಕದಲ್ಲಿ ದೂರದ ನೆಂಟರೊಬ್ಬರು ಬಂದು ಗುಡ್ಡದ ಮೇಲೆ ಮನೆ ಮಾಡಿದಂತಾಯಿತು.

ನಾಮ ಬ್ರಾಹ್ಮಣರದೆಂದು ತಿಳಿಯುವುದು ಪೇಟೆಯ ಅಜ್ಞಾನ. ಮಾಗಡಿ ರಂಗನಾಥನನ್ನೋ ತಿರುಪತಿ ತಿಮ್ಮಪ್ಪನನ್ನೋ ಮನೆದೇವರಾಗಿ ಉಳ್ಳ ಒಕ್ಕಲು ಮನೆಗಳಲ್ಲಿ ಶ್ರಾವಣ ಶನಿವಾರ ಹುಡುಗರಿಗೆ ನಾಮ ಹಾಕಿಸಿ ನಾಲ್ಕು ಮನೆ ಪಡಿ ಬೇಡಿಸುತ್ತಾರೆ. ಬಡಾವಣೆಗಳ ನಡುವೆ ಸಿಕ್ಕಿಕೊಂಡ ಹಳೆಯ ಹಳ್ಳಿಗಳಲ್ಲಿ ‘ಗೋವಿಂದಾ ಗೋವಿಂದ’ ಈಗಲೂ ಕೇಳುತ್ತದೆ. ಶಂಖ ಜಾಗಟೆಯ ದಾಸಯ್ಯನ ಹಣೆಯ ನಾಮಕ್ಕೆ ಯಾವ ಕಲೆಯ ವ್ಯಾಜ್ಯವೂ ಇಲ್ಲ. ಮೈಲಾರದ ಗೊರವಯ್ಯನಿಗೆ, ಸವದತ್ತಿ ಎಲ್ಲಮ್ಮನ ಜೋಗತಿಗೆ ಭಂಡಾರ, ಅಂದರೆ ಬರಿ ಅರಿಸಿನದ ಪುಡಿ. ಕ್ರೈಸ್ತರು ಬೂದಿ ಬುಧವಾರ ಹಣೆಗೆ ಶಿಲುಬೆ ಬರೆಸಿಕೊಳ್ಳುವ ಬೂದಿ ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಹಿಡಿದ ಗರಿಗಳನ್ನು ಸುಟ್ಟದ್ದು. ವರ್ಷಾನುಗಟ್ಟಲೆ ನಮಾಜಿನಲ್ಲಿ ನೆಲಕ್ಕೆ ತಾಗಿದ ಹಣೆಯಲ್ಲಿ ಮೂಡುವ ಕಪ್ಪು ಗುರುತಿಗೆ ಯಾವ ಪದಾರ್ಥವೂ ಬೇಕಿಲ್ಲ.

ಗಂಧದ ಬಗ್ಗೆ ಹೆಚ್ಚು ಹೇಳುವಂತಿಲ್ಲ, ಯಾಕೆಂದರೆ ಗಂಧವೇ ಹೆಚ್ಚು ಉಳಿದಿಲ್ಲ. ಯಶವಂತಪುರದಲ್ಲಿ ಶ್ರೀಗಂಧದ ಸಾಬೂನಿನ ಸರ್ಕಾರಿ ಕಾರ್ಖಾನೆ ಇಟ್ಟುಕೊಂಡ ಊರಿನಲ್ಲೇ ಸಾಣೆಕಲ್ಲಿನ ಮೇಲೆ ಕೊರಡು ತೇಯ್ದು ಗಂಧ ಕೊಡುವ ದೇವಸ್ಥಾನಗಳು ಕಡಿಮೆಯಾಗಿ ಪೊಟ್ಟಣದ ಹಳದಿ ಪುಡಿ ಕಲಸಿ ಕೊಡುವವು ಹೆಚ್ಚಾಗಿವೆ.

ಅರಿಸಿನ ಕುಂಕುಮದ ವಿಷಯ ಬೇರೆ. ಅದು ಅಡುಗೆಮನೆಯಿಂದ ಹೊರಟದ್ದು. ಬಿಳಿ ಅಂಗಿಗೆ ಬಿದ್ದ ಸಾರಿನ ಕಲೆಗೆ ಸೋಪು ಹಚ್ಚಿದರೆ ಹಳದಿ ಇದ್ದದ್ದು ಕೆಂಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶಕ್ಕೆ ಕ್ಷಾರ ತಾಗಿದರೆ ಹೀಗಾಗುತ್ತದೆ. ಆರತಿ ತಟ್ಟೆಯ ನೀರಿಗೆ ಅರಿಸಿನ ಸುಣ್ಣ ಹಾಕಿ ಕೆಂಪು ಮಾಡುವುದೂ ಇದೇ ಗುಣದಿಂದ. ಆದರೆ ಈ ಕೆಂಪು ನಿಲ್ಲುವಂಥದ್ದಲ್ಲ, ನಿಂಬೆಹುಳಿ ಬಿದ್ದರೆ ಮರಳಿ ಹಳದಿ. ನಿಲ್ಲುವ ಕೆಂಪಿಗಾಗಿ ಹಳಬರು ಅರಿಸಿನದ ಕೊಂಬಿಗೆ ನಿಂಬೆರಸದ ಜೊತೆ ಬಿಳಿಗಾರ, ಪಟಿಕ ಸೇರಿಸಿ ದಿನಗಟ್ಟಲೆ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ತುಪ್ಪದ ಕೈಯಲ್ಲಿ ಕಲಸಿಡುತ್ತಿದ್ದರು. ಬಿಳಿಗಾರದಲ್ಲಿರುವ ಬೋರಾನ್ ಕರ್ಕ್ಯುಮಿನ್ ಜೊತೆ ಕೂಡಿ ಹೊಸ ಕೆಂಪು ವಸ್ತುವೇ ಆಗುತ್ತದೆ. ರಸಾಯನಶಾಸ್ತ್ರದ ಹೆಸರು ತಿಳಿಯದೆಯೂ ಪಾಕ ತಿಳಿದಿತ್ತು. ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಉಂಗುರಬೆರಳಿನಲ್ಲಿ ಪುಡಿ ಒತ್ತಿದರೆ ಸಂಜೆವರೆಗೂ ಬೊಟ್ಟು ದುಂಡಗೇ ಇರುತ್ತಿತ್ತು.

ಈಗ ರಾಜಾಜಿನಗರದ ಗ್ರಂಧಿಗೆ ಅಂಗಡಿಯಲ್ಲಿ ಕುಂಕುಮ ಕೇಳಿ ನೋಡಿ. “ಪೂಜೆಗಾ, ಹಣೆಗಾ ಅಮ್ಮಾ?” ಎನ್ನುತ್ತಾನೆ ಅಂಗಡಿಯವನು. ಹಿಂದೆ ಈ ಪ್ರಶ್ನೆಯೇ ಇರಲಿಲ್ಲ, ದೇವರಿಗಿಟ್ಟದ್ದೇ ನಮಗೂ. ಪೂಜೆಯದು ಅಗ್ಗ, ಕಣ್ಣಿಗೆ ಹೊಡೆಯುವ ಕೆಂಪು, ಬೆರಳಿಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ. ಅದು ಪುಡಿಗೆ ಬೆರೆಸಿದ ಕಾರ್ಖಾನೆಯ ಬಣ್ಣ. ಇಂಥ ಬಣ್ಣಗಳಿಂದ ಹಣೆಯಲ್ಲಿ ತುರಿಕೆ ಎದ್ದು ಕ್ರಮೇಣ ಕಪ್ಪು ಕಲೆ ನಿಲ್ಲುವುದನ್ನು ಚರ್ಮದ ವೈದ್ಯರು ಕುಂಕುಮದ ಅಲರ್ಜಿ ಎಂದೇ ಗುರುತಿಸಿದ್ದಾರೆ. ಉತ್ತರದವರು ಬೈತಲೆಗೆ ತುಂಬುವ ಸಿಂಧೂರದ ಕಥೆ ಇನ್ನೂ ಕೆಟ್ಟದ್ದು. ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಮತ್ತು ಭಾರತದ ಅಂಗಡಿಗಳಿಂದ ತಂದ ಸಿಂಧೂರದ ಬಹುಪಾಲು ಮಾದರಿಗಳಲ್ಲಿ ಸೀಸ ಸಿಕ್ಕಿತು. ನಮ್ಮಲ್ಲಿ ಸೌಂದರ್ಯವರ್ಧಕದ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 20 ಭಾಗ ಮೀರಕೂಡದೆಂಬ ನಿಯಮ ಇದೆ. ಪೂಜಾ ಸಾಮಗ್ರಿ ಎಂದು ಮಾರಿದ ಪುಡಿ ಆ ಲೆಕ್ಕದಿಂದ ನುಣುಚಿಕೊಳ್ಳುವುದು ಸುಲಭ. ಆದ್ದರಿಂದ ಪೊಟ್ಟಣದ ಮೇಲೆ ‘ಪೂಜೆಗೆ ಮಾತ್ರ’ ಎಂದಿದ್ದರೆ ಅದನ್ನು ಪೂಜೆಗೆ ಮಾತ್ರ ಇಟ್ಟುಕೊಳ್ಳಿ.

ಸ್ಟಿಕ್ಕರ್ ಬಂದದ್ದು ಈ ರಗಳೆ ತಪ್ಪಿಸಲಿಕ್ಕೆ. ಬೆವರಿಗೆ ಕರಗದು, ಸೀರೆಗೆ ಉದುರದು, ಸೀರೆಯ ಬಣ್ಣಕ್ಕೆ ಹೊಂದುವಂತೆ ಸಿಗುತ್ತದೆ, ರಾತ್ರಿ ತೆಗೆದು ಬಚ್ಚಲ ಕನ್ನಡಿಗೆ ಅಂಟಿಸಿದರೆ ಬೆಳಗ್ಗೆ ಮತ್ತೆ ಹಣೆಗೆ. ವಿಜಯನಗರದ ಪಾದಚಾರಿ ಮಾರ್ಗದಲ್ಲಿ ಹಾಳೆಗಟ್ಟಲೆ ತೂಗುಹಾಕಿ ಮಾರುತ್ತಾರೆ. ಉತ್ತರ ಕರ್ನಾಟಕದ ಟಿಕಳಿ, ಮರಾಠಿ ಹೆಂಗಸರ ಚಂದ್ರಕೋರ, ಧಾರಾವಾಹಿಯ ಅತ್ತೆಯ ಹಾವಿನಾಕಾರ ಎಲ್ಲ ಒಂದೇ ಹಾಳೆಯಲ್ಲಿ. ಇಲ್ಲಿ ಪದಾರ್ಥಕ್ಕೆ ಅರ್ಥವೇ ಇಲ್ಲ, ಅದು ಬಟ್ಟೆ ಮತ್ತು ಅಂಟು. ಅದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಅಲಂಕಾರ ಅಲಂಕಾರವಾಗಿಯೇ ಇದ್ದರೆ ಯಾರಿಗೂ ತೊಂದರೆಯಿಲ್ಲ. ಅಗ್ಗದ ಅಂಟಿನಲ್ಲಿ ಬರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಚರ್ಮದ ಬಣ್ಣದ ಕೋಶಗಳನ್ನೇ ಕೊಲ್ಲಬಲ್ಲದು ಎಂಬುದಷ್ಟೇ ಎಚ್ಚರ. ಬೊಟ್ಟಿನ ಜಾಗದಲ್ಲಿ ಬೊಟ್ಟಿನಷ್ಟೇ ಬಿಳಿ ಮಚ್ಚೆ ಕಂಡರೆ ಅದರ ಮೇಲೆ ಇನ್ನೂ ದೊಡ್ಡ ಸ್ಟಿಕ್ಕರ್ ಅಂಟಿಸಿ ಮುಚ್ಚುವುದನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ಹಣೆಯ ಗುರುತು ಇಟ್ಟವರಿಗಿಂತ ನೋಡಿದವರ ವಶವಾದಾಗ ಕೆಡುಕು ಶುರು. 1987ರಲ್ಲಿ ಅಮೆರಿಕದ ಜೆರ್ಸಿ ಸಿಟಿಯಲ್ಲಿ ‘ಡಾಟ್‌ಬಸ್ಟರ್ಸ್’ ಎಂದು ಕರೆದುಕೊಂಡ ಗುಂಪು ಹೆಂಗಸರ ಹಣೆಬೊಟ್ಟನ್ನೇ ಗುರಿ ಮಾಡಿಕೊಂಡು ಭಾರತೀಯರ ಮೇಲೆ ಬಿದ್ದಿತ್ತು. 2022ರ ಫೆಬ್ರುವರಿಯಲ್ಲಿ ಹಿಜಾಬಿನ ಗದ್ದಲದ ನಡುವೆ ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಕುಂಕುಮ ಇಟ್ಟುಕೊಂಡು ಬಂದ ವಿದ್ಯಾರ್ಥಿಯನ್ನು ಕಾಲೇಜಿನ ಬಾಗಿಲಲ್ಲೇ ತಡೆದರು. ಮರು ವರ್ಷ, 2023ರ ಮಾರ್ಚ್ 8ರಂದು, ಅದೂ ಮಹಿಳಾ ದಿನಾಚರಣೆಯಂದು, ಕೋಲಾರದಲ್ಲಿ ಮಳಿಗೆ ಹಾಕಿಕೊಂಡಿದ್ದ ಹೆಂಗಸನ್ನು ಆಗಿನ ಸಂಸದರು ಎಲ್ಲರೆದುರು ಹಣೆಗೆ ಬೊಟ್ಟು ಯಾಕಿಲ್ಲ, ಗಂಡ ಬದುಕಿದ್ದಾನಲ್ಲ ಎಂದು ಗದರಿದರು. ನಾಡೆಲ್ಲ ನೋಡಿತು. ಆ ಸಭೆಯಲ್ಲಿ ವಿಭೂತಿ ನಾಮ ಯಾವುದೂ ಇಲ್ಲದ ಗಂಡಸರು ಎಷ್ಟು ಮಂದಿ ಇದ್ದರೋ, ಅವರಾರನ್ನೂ ನಿನ್ನ ಹೆಂಡತಿ ಇದ್ದಾಳೋ ಎಂದು ಕೇಳಲಿಲ್ಲ.

ಆ ಪ್ರಶ್ನೆ ಸಂಸದರ ಬಾಯಿಂದ ಬಂದಿತೇ ಹೊರತು ಅವರದೇ ಸೃಷ್ಟಿಯಲ್ಲ. ನಮ್ಮ ಮನೆಗಳಿಂದಲೇ ಅಲ್ಲಿಗೆ ಹೋದದ್ದು. ಬೂದಿಯಲ್ಲಿ ಸಾವಿನ ನೆನಪಿದೆ, ನಾಮದಲ್ಲಿ ಶರಣಾಗತಿ ಇದೆ, ಇದ್ದಿಲಿನಲ್ಲಿ ಪೂಜೆಯ ಶೇಷವಿದೆ. ಅರಿಸಿನ ನಿಂಬೆ ಬಿಳಿಗಾರದ ಪಾಕದಲ್ಲಿ ಗಂಡನ ಮಾತು ಎಲ್ಲಿದೆ? ಹುಟ್ಟಿದ ಹೆಣ್ಣುಮಗುವಿಗೆ ಮೊದಲು ಇಟ್ಟದ್ದು ಅದೇ ಬೊಟ್ಟು, ಆಗ ಗಂಡನ ಸುಳಿವೂ ಇರಲಿಲ್ಲ. ಮದುವೆಯಿಂದ ಬರದೇ ಇದ್ದದ್ದು ಗಂಡ ಸತ್ತರೆ ಹೋಗಬೇಕೆನ್ನುವುದು ಯಾವ ನ್ಯಾಯವೋ ತಿಳಿಯದು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, ಅದನ್ನು ಪ್ರೇಮಾ ಕಾರಂತರು ಸಿನಿಮಾ ಮಾಡಿದ್ದನ್ನು ನೋಡಿದವರಿಗೆ, ಬಾಲ್ಯದಲ್ಲೇ ವಿಧವೆಯಾದ ಹೆಣ್ಣಿನಿಂದ ಏನೇನು ಕಿತ್ತುಕೊಳ್ಳುತ್ತಿದ್ದರು ಎಂದು ಹೇಳಬೇಕಾಗಿಲ್ಲ. ತಲೆ ಬೋಳಿಸುವ ಕಾಲ ಹೋಯಿತು. ಕುಂಕುಮದ ತಟ್ಟೆ ಹಿಂದೆ ಸರಿಯುವ ಕಾಲ ಹೋಗಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಸಂಜೆ ನಮ್ಮ ಕಡೆಯ ಬೀದಿಗಳಲ್ಲಿ “ರೀ, ಅರಿಸಿನ ಕುಂಕುಮಕ್ಕೆ ಬನ್ರೀ” ಎಂದು ಗೇಟಿನಿಂದ ಗೇಟಿಗೆ ಕರೆ ಹೋಗುತ್ತದೆ. ಈ ಕರೆಯಲ್ಲಿ ಈಗ ಜಾತಿ ಅಷ್ಟು ನೋಡುವುದಿಲ್ಲ, ಅದು ದೊಡ್ಡ ಸಂಗತಿ. ಮೇಲ್ಮಹಡಿಯ ಬಿಹಾರದ ಹುಡುಗಿಗೂ ಕರೆಯುಂಟು, ಎದುರುಮನೆಯ ಕ್ರೈಸ್ತ ಟೀಚರಿಗೂ ಉಂಟು. ರವಿಕೆ ಕಣ, ತಾಂಬೂಲ, ತೆಂಗಿನಕಾಯಿ ಎಲ್ಲರಿಗೂ ಒಂದೇ. ಬೆಳಗಿನಿಂದ ಹೋಳಿಗೆ ತಟ್ಟಿ, ಕಳಶಕ್ಕೆ ಸೀರೆ ಉಡಿಸಲು ನೆರಿಗೆ ಹಿಡಿದುಕೊಟ್ಟ ಆ ಮನೆಯದೇ ಅತ್ತೆಯೋ ನಾದಿನಿಯೋ ಗಂಡ ತೀರಿಕೊಂಡ ಕಾರಣಕ್ಕೆ ಆ ಹೊತ್ತಿನಲ್ಲಿ ಒಳಗಿನ ಕೋಣೆಯಲ್ಲಿ ಟಿ.ವಿ. ನೋಡುತ್ತಿರುತ್ತಾರೆ. ಯಾರೂ ಬರಬೇಡಿ ಎಂದಿರುವುದಿಲ್ಲ, ಯಾರೂ ಬನ್ನಿ ಎಂದೂ ಅಂದಿರುವುದಿಲ್ಲ. ಕೇಳಿದರೆ “ಅವರಿಗೇ ಇಷ್ಟ ಇಲ್ಲ” ಎನ್ನುತ್ತಾರೆ. ಒಮ್ಮೆ ಕರೆದು ನೋಡಿ ಆಮೇಲೆ ಈ ಮಾತು ಹೇಳಿದರೆ ಒಪ್ಪಬಹುದು.

ಇದಕ್ಕೆ ಶಾಸ್ತ್ರ ಒಪ್ಪದು ಎನ್ನುವವರು ಮಂಗಳೂರಿನ ಕಡೆ ನೋಡಲಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕರಾಗಿ ಗರ್ಭಗುಡಿಗೇ ಹೋದರು. ದೇವರಿಗೆ ಕುಂಕುಮ ಏರಿಸುವ ಕೈಗೆ ತನ್ನ ಹಣೆಗೆ ಇಟ್ಟುಕೊಳ್ಳುವ ಹಕ್ಕಿದೆಯೇ ಎಂದು ಅಲ್ಲಿ ಮತ್ತೆ ಕೇಳುವ ಅಗತ್ಯ ಬೀಳಲಿಲ್ಲ. ಹಣೆಗೆ ಇಡುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕರೆಯುವುದು ಮಾತ್ರ ಕರೆಯುವವರ ಕೈಯಲ್ಲಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಮಹಿಳಾ ಸಮಾಜಗಳು, ಅಪಾರ್ಟ್‌ಮೆಂಟ್ ಸಂಘಗಳು ಮುಂದಿನ ಶ್ರಾವಣಕ್ಕೆ ಅರಿಸಿನ ಕುಂಕುಮದ ಪಟ್ಟಿ ಬರೆಯುವಾಗ ಆ ಒಳಗಿನ ಕೋಣೆಯವರ ಹೆಸರುಗಳನ್ನೂ ಬರೆದುಕೊಳ್ಳಲಿ, ಮೊದಲ ತಟ್ಟೆಯನ್ನು ಅವರ ಮುಂದೆಯೇ ಹಿಡಿಯಲಿ.